ಪಾಕ ಬದಲಿಸಿ, ಅತ್ತಿಗೆ

ಪ್ರೀತಿಯ ಅತ್ತಿಗೆ,

ಓದಿದ ಕೂಡಲೇ ಈ ಕಾಗದವನ್ನು ನಿಮ್ಮ ಒಲೆಗೇ ಹಾಕಿಬಿಡಿ. ತಂದುಕೊಟ್ಟ ಹಾಲಿನ ವ್ಯಾನಿನವನಿಗೆ ಏನೂ ಗೊತ್ತಿಲ್ಲ, ನೀವೂ ಏನೂ ಹೇಳಬೇಡಿ.

ನಿನ್ನೆ ಅಣ್ಣ ನೀವು ಕೆಲಸ ಮಾಡುವ ಅಂಗಡಿಯಲ್ಲೇ ನಿಂಬೆ ಶರಬತ್ತು ಕುಡಿದಿದ್ದಾನೆ. ನೀವು ಒಳಗೆ ಒಲೆಯ ಮುಂದಿದ್ದಿರೇನೋ, ಪುಣ್ಯಕ್ಕೆ ಅವನು ನಿಮ್ಮನ್ನು ನೋಡಿಲ್ಲ. ಆದರೆ ಒಂದು ಬಾಟಲಿ ತುಂಬಿಸಿಕೊಂಡು ಬಂದು ಮೇಜಿನ ಮೇಲೆ ಕುಕ್ಕಿದ. "ಇದು ಅವಳ ಕೈದೇ. ಸಕ್ಕರೇನ ಕೆಂಪಗೆ ಹುರಿದು ಆಮೇಲೆ ನೀರು ಹಾಕಿ ಪಾಕ ಮಾಡೋರು ಇನ್ಯಾರಿದ್ದಾರೆ? ಅಮ್ಮ ಬರ್ಲಿ, ಒಂದು ಗುಟುಕು ಕುಡಿದು ಹೇಳ್ತಾಳೆ. ಸಿಗ್ಲಿ, ಈ ಸಲ ಕಾಲು ಮುರೀತೀನಿ" ಅಂದ.

ಅಮ್ಮ ಬರುವಷ್ಟರಲ್ಲಿ ಬಾಟಲಿ ಖಾಲಿಯಾಗಿತ್ತು. ನನ್ನ ಕೆನ್ನೆಗೆ ಬಿತ್ತು, ಅದಿರಲಿ. ನಾಳೆ ಅವನು ಅಮ್ಮನನ್ನೇ ಅಲ್ಲಿಗೆ ಕರೆತರುತ್ತಾನೆ.

ನಾಳೆ ನೀವು ಅಂಗಡಿಯ ಕಡೆ ಸುಳಿಯಬೇಡಿ. ಅಷ್ಟೇ ಸಾಲದು, ಪಾಕ ಅದೇ ಇದ್ದರೆ ಅವನು ದಿನಾ ಬಂದು ಕೂರುತ್ತಾನೆ. ಇವತ್ತೇ ಹಳೆಯದನ್ನೆಲ್ಲ ಚೆಲ್ಲಿ. ಎಲ್ಲರ ಹಾಗೆ ಸಕ್ಕರೆ, ನೀರು ಒಟ್ಟಿಗೇ ಹಾಕಿ, ಕರಗುತ್ತಲೇ ಇಳಿಸಿಡಿ. ಬೆಳ್ಳಗೆ, ಬರೀ ಸಿಹಿಯಾಗಿ ಇರಲಿ. ಗಿರಾಕಿಗಳು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಆ ಬಾಟಲಿಯನ್ನು ಸಿಂಕಿಗೆ ಸುರಿಯಬೇಕೆಂದೇ ಮುಚ್ಚಳ ತೆಗೆದಿದ್ದೆ. ಘಮ ಬಂತು. ನಿಂತಲ್ಲೇ ಪೂರ್ತಿ ಕುಡಿದುಬಿಟ್ಟೆ, ಅತ್ತಿಗೆ.

ಇಂತಿ,
ನಿಮ್ಮನ್ನು ಬಸ್ಸು ಹತ್ತಿಸಿದ ನಾದಿನಿ