ಒಡೆಯದ ಗಾಜು

ಪುರಸಭೆ ಕಚೇರಿ, ನನ್ನ ಮೇಜು
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಅಕ್ಕ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳಾ, ಇಲ್ಲಾ ಮಗುವನ್ನೇ ನೋಡುತ್ತ ಕೂತುಬಿಡುತ್ತಾಳಾ? ಪಾಪುವಿನ ಫೋಟೋ ನೋಡಿದೆ. ಮೂಗು ನಿನ್ನದೇ, ಪಾಪ! ಸಿಟ್ಟಾಗಬೇಡ, ನನ್ನದೂ ಅದೇ ಮೂಗು ತಾನೇ. ನಾನು ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದೇ ಕೂತೆ, ಆದರೆ ನಿನಗೆ ಸುಳ್ಳು ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳಹೊರಟರೆ ಅತ್ತುಬಿಡುತ್ತೇನೆ, ಪಕ್ಕದಲ್ಲಿ ಅಕ್ಕ ಇರುತ್ತಾಳೆ. ಅದಕ್ಕೇ ಈ ಪತ್ರ.

ಮೊದಲು ಒಳ್ಳೆಯ ಸುದ್ದಿ. ನಮ್ಮ ಹಳೇ ಮಾರುಕಟ್ಟೆಯನ್ನು ಈಗ ನೋಡಿದರೆ ನಿನಗೆ ಗುರುತೇ ಸಿಗಲಾರದು. ಚರಂಡಿ ನಾರುವುದಿಲ್ಲ, ಮಾಡು ಸೋರುವುದಿಲ್ಲ. ಬೇಸತ್ತು ಬಾಗಿಲು ಹಾಕಿಕೊಂಡು ಹೋಗಿದ್ದ ಗಡಿಯಾರ ರಿಪೇರಿಯವರು, ಪಾತ್ರೆಯಂಗಡಿಯವರು ಭಾನುವಾರದಿಂದ ವಾಪಸ್ ಬರುತ್ತಿದ್ದಾರೆ. ಊರನ್ನು ಹೊಸದು ಮಾಡಿಕೊಳ್ಳಿ ಎಂದು ಸರ್ಕಾರ ನಮಗೆ ಹಣ ಕೊಟ್ಟದ್ದು ಇದೇ ಮೊದಲಲ್ಲವೇ? ಕೊಡುವಾಗಲೇ ರಾಜಧಾನಿಯ ಅಧಿಕಾರಿ ಮೂಗು ಮುರಿದಿದ್ದರು: "ಸಣ್ಣ ಊರಿನವರ ಕೈಲಿ ಇದೆಲ್ಲ ಆಗುತ್ತೇನ್ರೀ?" ಅಧ್ಯಕ್ಷರಿಗೆ, ಅಂದರೆ ನಿನ್ನ ಮುದ್ದಿನ ತಮ್ಮನಿಗೆ, ಅವತ್ತಿನಿಂದ ನಿದ್ದೆಯಿಲ್ಲ. ಮಾವ ಬಿಸಿಲಲ್ಲಿ ನಿಂತು ಕೆಲಸ ಮಾಡಿಸಿದ್ದಾರೆ. ಅವರು ಒಂದು ಬಿಡಿಗಾಸು ಮುಟ್ಟಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಆದರೆ ಆತುರ. ಕೆಲಸದ ಫೋಟೋ ಕಳಿಸಿದರೆ ಮಾತ್ರ ಮುಂದಿನ ಕಂತು, ಈ ತಿಂಗಳೊಳಗೆ ಮುಗಿಯದಿದ್ದರೆ ಉಳಿದದ್ದು ವಾಪಸ್. ಹಾಗಾಗಿ ಫೋಟೋದಲ್ಲಿ ಚಂದ ಕಾಣುವ ಕೆಲಸವೆಲ್ಲ ಮೊದಲಾಯಿತು. ಊರಿಗೊಬ್ಬಳೇ ಎಂಜಿನಿಯರ್ ನನ್ನ ಮಗಳು ಎಂದು ಹೇಳಿಕೊಂಡು ತಿರುಗುತ್ತೀಯಲ್ಲ, ಆ ನಿನ್ನ ಮಗಳು ಮೇಲಿನ ಗ್ಯಾಲರಿಯ ತೊಲೆಗಳನ್ನು ಮೊದಲು ಪರೀಕ್ಷೆ ಮಾಡಿಸೋಣ ಎಂದು ಗೋಗರೆದಳು. "ತೊಲೆ ಫೋಟೋದಲ್ಲಿ ಕಾಣುತ್ತೇನೇ?" ಅಂದರು ಮಾವ. ಅದರ ಮೇಲೇ ಹೊಸ ಕಲ್ಲು ಹಾಸಿ, ದೊಡ್ಡ ದೊಡ್ಡ ಕಲ್ಲಿನ ಹೂಕುಂಡಗಳನ್ನು ಸಾಲಾಗಿ ಇಟ್ಟರು. ತೊಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಾಗ ನಾನು ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದೆ. ಬಿರುಕು ಸ್ವಲ್ಪ ದೊಡ್ಡದಾದರೂ ಗಾಜು ಒಡೆಯುತ್ತದೆ, ಒಡೆಯದಿದ್ದರೆ ಹೆದರಿಕೆಯಿಲ್ಲ. ವಾರವಾರವೂ ಹೋಗಿ ಕೆಳಗಿನಿಂದಲೇ ನೋಡಿದೆ, ಗಾಜು ಹಾಗೇ ಇತ್ತು. ನಾನೂ ಕಾಲು ಚಾಚಿ ನಿದ್ದೆ ಮಾಡಿದೆ.

ಮೊನ್ನೆ ಸುಣ್ಣದಜ್ಜ ಸಿಕ್ಕರು. ನಮ್ಮ ಮನೆಗೂ ಬಣ್ಣ ಹೊಡೆಯುವವರು, ನನ್ನನ್ನು ಇನ್ನೂ ಕೂಸೇ ಎನ್ನುವವರು. ಮಾರುಕಟ್ಟೆಯ ಬಣ್ಣವೂ ಅವರದೇ. ಕುಂಚ ತೊಳೆಯುತ್ತ ಹೇಳಿದರು: "ನಿನ್ನ ಗಾಜು ಬಾಳಿಕೆ ಬರಲ್ಲ ಕೂಸೇ. ಮತ್ತೆ ಮತ್ತೆ ಒಡೀತಿತ್ತು. ದೊಡ್ಡೋರು ನೋಡಿ ನಿನ್ನ ಬೈದಾರು ಅಂತ ನಾನೇ ಬೇರೆ ತುಂಡು ಅಂಟಿಸ್ತಿದ್ದೆ." ಉಪಕಾರ ಮಾಡಿದ ಸಂತೋಷ ಅವರ ಮುಖದ ತುಂಬ. ಬೈಯಲು ಬಾಯಿ ಬರಲಿಲ್ಲ ಅಮ್ಮಾ, ಆ ಗಾಜು ಯಾತಕ್ಕೆ ಎಂದು ನಮ್ಮಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಓಡಿಹೋಗಿ ನೋಡಿದೆ. ಬಿರುಕಿಗೂ ನೀಟಾಗಿ ಗಾರೆ ಮೆತ್ತಿ ಬಣ್ಣ ಬಳಿದಿದ್ದರು. ಕೆರೆದಾಗ ನನ್ನ ಕಿರುಬೆರಳ ತುದಿ ಒಳಗೆ ಹೋಯಿತು.

ಭಾನುವಾರ ಉದ್ಘಾಟನೆ. ಶಾಲೆಯ ಮಕ್ಕಳೆಲ್ಲ ಆ ಗ್ಯಾಲರಿಯಲ್ಲಿ ಸಾಲಾಗಿ ನಿಂತು ಹಾಡಬೇಕಂತೆ. ಅದರ ಕೆಳಗೇ ನಿನ್ನ ಹೊಲಿಗೆ ಅಂಗಡಿ. (ಹೋದ ವಾರ ಅಲ್ಲಿಗೆ ಸಾಗಿಸಿದ್ದ ನಿನ್ನ ಯಂತ್ರವನ್ನು ನಿನ್ನೆ ಮನೆಗೇ ತಂದೆ. ಸೂಜಿ ಒಂದು ಮುರಿಯಿತು, ಬೈಯಬೇಡ.) ಕೆಳಗಿನಿಂದ ಆಸರೆ ಕೊಟ್ಟು, ಇನ್ನೆರಡು ತಿಂಗಳು ಸಿಕ್ಕರೆ ಎಲ್ಲವನ್ನೂ ಸರಿಮಾಡಬಹುದು, ನಮ್ಮ ಕೈಲೇ ಆಗುತ್ತದೆ. ಮಾವನಿಗೆ ಅದನ್ನೇ ಹೇಳಿದೆ. ಮೊದಲು ಕೂಗಾಡಿದರು, ಆಮೇಲೆ ದನಿ ಇಳಿಯಿತು: "ಈಗ ನಿಲ್ಲಿಸಿದ್ರೆ ಆ ಅಧಿಕಾರಿ ಮಾತೇ ನಿಜ ಆಯ್ತಲ್ಲೇ. ಇನ್ನು ನಮ್ಮೂರಿಗೆ ಯಾರು ಕೊಡ್ತಾರೆ? ಒಂದು ಗಂಟೆ ತಡ್ಕೊಳ್ಳಲ್ವಾ ಅದು?" ಅವರ ಕಣ್ಣಲ್ಲಿ ನೀರಿತ್ತು. ಒಂದು ಗಂಟೆ ತಡೆದರೂ ತಡೆಯಬಹುದು ಅಮ್ಮಾ, ನನ್ನ ಭಯವೇ ಅದು. ಹೂಂ ಎಂದುಬಿಡಲು ನನಗೂ ಆಸೆಯಾಗುತ್ತಿದೆ. ಶಾಲೆಯ ಅಂಗಳದಲ್ಲಿ ಮಕ್ಕಳು ಹಾಡು ಕಲಿಯುತ್ತಿರುವುದು ಇಲ್ಲಿಗೆ ಕೇಳುತ್ತದೆ. ಒಂದು ಕಿವಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ.

ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು, ಆದರೆ ಇದನ್ನು ಓದಿ ಹೇಳಬೇಡ. ಪಾಪುವಿನ ಆ ಮೂಗಿಗೊಂದು ಮುತ್ತು. ನಿನ್ನ ಆಶೀರ್ವಾದ ಈ ಸಲ ಸ್ವಲ್ಪ ಹೆಚ್ಚಾಗಿಯೇ ಬೇಕು.

ನಿನ್ನ ಕಿರಿಮಗಳು

ತಾ.ಕ.: ಬಸ್ಸು ಹೊರಡುತ್ತಿದೆ, ಡ್ರೈವರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಕವರಿನ ತಳದಲ್ಲಿ ಬಟ್ಟೆ ಸುತ್ತಿಟ್ಟದ್ದು ಗ್ಯಾಲರಿ ಮೆಟ್ಟಿಲಿನ ಕಬ್ಬಿಣದ ಬಾಗಿಲಿನ ಕೀಲಿ. ಇರುವುದು ಇದೊಂದೇ. ಬೀಗ ಹಾಕಿ ಬಂದಿದ್ದೇನೆ, ಮಾವನಿಗೆ ಇನ್ನೂ ಗೊತ್ತಿಲ್ಲ. ಬೀಗ ಒಡೆಯಬಹುದು, ಆದರೆ ಒಡೆಯಿರಿ ಎಂದು ಯಾರಾದರೂ ಬರೆದುಕೊಡಬೇಕು. ನಮ್ಮ ಪುರಸಭೆಯಲ್ಲಿ ಅಂಥದ್ದಕ್ಕೆ ಸಹಿ ಹಾಕುವ ಗಂಡೆದೆ ಯಾರಿಗೂ ಇಲ್ಲ, ಸದ್ಯ! ಮಾವ ಫೋನ್ ಮಾಡಿದರೆ ಕೀಲಿ ನಿನ್ನ ಹತ್ತಿರ ಇದೆ ಎಂದೇ ಹೇಳು, ಅವರು ಹೆದರುವುದು ನಿನಗೊಬ್ಬಳಿಗೇ. ನನಗೆ ನನ್ನದೇ ಹೆದರಿಕೆ. ನಾನೇ ಅತ್ತು ಕೇಳಿದರೂ ಕೊಡಬೇಡ.