ಹಾಸಿನ ಆಚೆ ಬದಿ

ಹುಲಿಕುಂಟೆ
9-3-1981

ಪ್ರೀತಿಯ ಓಬಳಪ್ಪನಿಗೆ,

ಸಂಜೀವಯ್ಯನ ನೆನಪುಗಳು. ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಎಷ್ಟು ಬೇಕಾದರೂ ಬಯ್ಯಿ. ಕಾರ್ಡಿನಲ್ಲಿ ಬರೆದರೆ ಊರೆಲ್ಲ ಓದುತ್ತದೆ. ಅದಕ್ಕೇ ಕವರು ತಂದಿದ್ದೇನೆ. ಎರಡು ಸಲ ಅಂಟು ಹಚ್ಚಿ ಸಿರಾದಲ್ಲಿ ಡಬ್ಬಕ್ಕೆ ಹಾಕುತ್ತೇನೆ. ನಮ್ಮ ಅಂಚೆಯವನು ಒಳ್ಳೆಯವನೇ, ಆದರೂ ಈಗೀಗ ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಪಾವಗಡದ ಎಣ್ಣೆ ಮಿಲ್ಲಿನ ಕೆಲಸ ಮೈಗೆ ಒಗ್ಗಿತೇ? ಊಟಕ್ಕೆ ಏನು ಮಾಡಿಕೊಂಡಿದ್ದೀಯ?

ಕಂಬಳಿ ಸೊಸೈಟಿಯಲ್ಲಿ ನಿನ್ನ ಮಗ್ಗ ಖಾಲಿ ಬಿದ್ದಿದೆ. "ಹಾಸು ಕೆಡಿಸಿದ" ಎಂದು ಅಧ್ಯಕ್ಷ ನಂದೀಶ್ವರಯ್ಯನವರು ಸದಸ್ಯರ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕಿಸಿದರು. ಕಾರ್ಯದರ್ಶಿಯಾಗಿ ಅದನ್ನು ಪುಸ್ತಕದಲ್ಲಿ ಬರೆದದ್ದು ನಾನೇ. ಶುಕ್ರವಾರದ ಸಭೆ ಒಪ್ಪಿಬಿಟ್ಟರೆ ಖಾಯಂ. ನಿಜವಾದ ಕಾರಣ ಎಲ್ಲರಿಗೂ ಗೊತ್ತು. ಹೆಣ್ಣು ನೋಡಲು ಹೋದಾಗ ನೀನು ಹುಡುಗಿಯ ಅಪ್ಪನಿಗೆ, "ನಂಗೆ ಹೆಂಗಸ್ರ ಮ್ಯಾಲೆ ಮನ್ಸು ಓಗಾಕಿಲ್ಲ, ನಿಮ್ ಮಗಳ ಬಾಳು ಹಾಳ್ಮಾಡಾಕೆ ನಾನೊಲ್ಲೆ" ಎಂದುಬಿಟ್ಟೆಯಲ್ಲ, ಎಂಟೇ ದಿನಕ್ಕೆ ಆ ಮಾತು ಇಲ್ಲಿಗೆ ಬಂತು. ಆಮೇಲೆ ನೀನು ಕೂತ ಜಗಲಿಯಲ್ಲಿ ಯಾರೂ ಕೂರಲಿಲ್ಲ.

ನಮ್ಮಲ್ಲಿ ಯಾರು ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸನ್ನು ಬಯಲಲ್ಲಿ ಬಿಗಿದರೂ ಗಂಜಿ ಸವರಲು ಕರೆಯದೆ ನಾಲ್ಕು ಜನ ಬರುವುದು ವಾಡಿಕೆ. ಹುಣಸೆಬೀಜದ ಗಂಜಿಯನ್ನು ಎರಡೂ ಬದಿಯಿಂದ ಒಟ್ಟಿಗೆ ಸವರದಿದ್ದರೆ ಬಿಸಿಲಿಗೆ ಎಳೆಗಳು ಅಂಟಿಕೊಂಡು ಎಲ್ಲ ಹಾಳು. ನೀನು ಕೊನೆಯ ಸಲ ಹಾಸು ಬಿಗಿದ ಬೆಳಿಗ್ಗೆ ಅದರ ಹತ್ತಿರ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಹೋಗಬೇಡಿ ಎಂದು ಯಾರೋ ಮನೆಮನೆಗೆ ಹೇಳಿಸಿರಬೇಕು. ಯಾರು? ಮೊದಲು ನಂದೀಶ್ವರಯ್ಯನವರ ಮೇಲೆ ಅನುಮಾನ ಬಂತು. ಆಮೇಲೆ ಪಕ್ಕದ ಮಗ್ಗದ ಮುದ್ದಪ್ಪನ ಮೇಲೆ. ನನ್ನನ್ನು ಕಂಡರೆ ಅವನು ಮೀಸೆಯಡಿಯಲ್ಲೇ ನಗುತ್ತಾನೆ. ನನ್ನ ಹಾಳು ಬುದ್ಧಿ ನಿನ್ನ ಅಕ್ಕನನ್ನೂ ಬಿಡಲಿಲ್ಲ. ಮರ್ಯಾದೆಗೆ ಅಂಜಿ ನಾಗಕ್ಕನೇ ಹೇಳಿರಬಹುದು ಎಂದುಕೊಂಡೆ.

ಮೊನ್ನೆ ಅದೇ ನಾಗಕ್ಕ ಸೊಸೈಟಿಗೆ ಬಂದು ರಾಟೆಯನ್ನು ಅಧ್ಯಕ್ಷರ ಮೇಜಿನ ಮೇಲೆ ಕುಕ್ಕಿದಳು. "ಅವ್ನ ಕೈ ನೇಯಾದ್ ನೋಡ್ರಿ ಸ್ವಾಮಿ, ಅವ್ನ ಮನ್ಸು ಯಾರ್ ಮ್ಯಾಲೈತೆ ಅಂತ ಕಂಬ್ಳಿ ಕೇಳ್ತದಾ? ನನ್ ತಮ್ಮ ತಿರ್ಗಾ ಮಗ್ಗಕ್ಕೆ ಕೂರಗಂಟ ನಾನು ಒಂದೆಳೆ ನೂಲಾಕಿಲ್ಲ" ಎಂದಳು. ನೂಲುವ ಇನ್ನೂ ಆರು ಹೆಂಗಸರು ಕೆಲಸ ನಿಲ್ಲಿಸಿದ್ದಾರೆ. ನಂದೀಶ್ವರಯ್ಯನವರು ಮೆತ್ತಗಾಗಿದ್ದಾರೆ, ನನಗೆ ಅದೂ ಅನುಮಾನವೇ. ನೀನು ಸಭೆಗೆ ಬರಲೇಬೇಕು.

ನಿನ್ನ ಕಾರ್ಡಿನಲ್ಲಿ "ಸಂಜೀವಯ್ಯನವರಿಗೆ" ಎಂದು ಬರೆದಿದ್ದೀಯ. ಹತ್ತು ವರ್ಷದಲ್ಲಿ ಯಾವತ್ತೂ ನನ್ನನ್ನು ಹೀಗೆ ದೂರ ಇಟ್ಟವನಲ್ಲ ನೀನು. ನನ್ನ ಮೇಲೂ ನಿನಗೆ ಅನುಮಾನವೇ?

ಎಲ್ಲಿದ್ದರೂ ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಸಂಜೀವ

ವಿ.ಸೂ.: ಇಷ್ಟು ಹೊತ್ತೂ ಧೈರ್ಯ ಬರಲಿಲ್ಲ. ನಿನ್ನ ಹಾಸು ಕೆಟ್ಟ ದಿನ ಸಿರಾದ ಬ್ಯಾಂಕಿಗೆ ಹೋಗಿದ್ದೆ ಎಂದು ನಿನಗೆ ಹೇಳಿದ್ದು ಸುಳ್ಳು. ಉಣ್ಣೆ ಗೋದಾಮಿನ ಬಾಗಿಲು ಹಾಕಿಕೊಂಡು ಕಿಟಕಿಯಲ್ಲಿ ನಿಂತಿದ್ದೆ. ನೀನೊಬ್ಬನೇ ಈ ಬದಿಯಿಂದ ಆ ಬದಿಗೆ ಓಡುವುದನ್ನು ನೋಡಿದೆ. ನೀನು ಎರಡು ಸಲ ನನ್ನ ಹೆಸರು ಹಿಡಿದು ಕೂಗಿದ್ದೂ ಕೇಳಿಸಿತು. ಹೊರಗೆ ಬಂದರೆ ನಮ್ಮಿಬ್ಬರ ವಿಷಯ ಬಯಲಾಗುತ್ತದೆಂದು ಹೆದರಿದೆ. ಯಾರು ತಡೆದರು ಎಂದು ನಿನ್ನೆ ಮುದ್ದಪ್ಪನನ್ನು ಹಿಡಿದು ಕೇಳಿದೆ. "ಯಾರೂ ತಡೀಲಿಲ್ಲ ಸ್ವಾಮಿ. ನೀವು ಅವ್ನ ಜೀವದ ಗೆಳೇರು. ನೀವು ಬಂದ್ರೆ ನಾವೂ ಓಗಾನ ಅಂತ ಬಾಗ್ಲಾಗೆ ನಿಂತು ಕಾಯ್ತಿದ್ವಿ" ಎಂದ. ನೀನು ಬಂದರೂ ಬಾರದಿದ್ದರೂ ಶುಕ್ರವಾರ ಸಭೆಯಲ್ಲಿ ಎದ್ದು ಇದನ್ನೆಲ್ಲ ಹೇಳುತ್ತೇನೆ, ನಾನೂ ನಿನ್ನಂಥವನೇ ಎಂಬುದನ್ನೂ. ಆಮೇಲೆ ನನ್ನ ಹೆಸರನ್ನೂ ಹೊಡೆದುಹಾಕಲಿ.