ಅಜ್ಜಿಯ ಕೊನೆಯ ತಿಪ್ಪೆ

ತಾತ,

ಒಂದು ಊರಲ್ಲಿ ಒಂದು ತುಂಡು ಹೊಲವಂತೆ, ಅದರ ನಡುವೆ ಒಂದು ಹಗ್ಗವಂತೆ. ಹಗ್ಗದ ಆಚೆ ಅಜ್ಜಿ ಸಗಣಿಗೊಬ್ಬರ ಹಾಕಿ ಆಲೂಗಡ್ಡೆ ಬೆಳೆದರೆ, ಈಚೆ ತಾತ ಚೀಲದ ಗೊಬ್ಬರ ಹಾಕಿ ಬೆಳೆದನಂತೆ. ಮೊದಮೊದಲು ತಾತನ ಗೆಡ್ಡೆಯೇ ದಪ್ಪ. "ನಿನ್ನವು ಗೋಲಿ ಆಡೋಕೆ ಸರಿ ಕಣೇ" ಅಂತ ನಗುತ್ತಿದ್ದ. ವರ್ಷಗಳು ಉರುಳಿ ಅಜ್ಜಿಯ ಮಣ್ಣು ಹಿಟ್ಟಿನಂತಾಯಿತು, ತಾತನ ಮಣ್ಣು ಹೆಂಟೆಗಟ್ಟಿತು. ತಾತ ಮಾತ್ರ ಸೋಲೊಪ್ಪಲಿಲ್ಲ.

ಕತೆ ಸಾಕು. ಆಲೂಗಡ್ಡೆ ಬೇಯಿಸಿಟ್ಟಿದ್ದೇನೆ, ಬಿಸಿಯಿರುವಾಗಲೇ ತಿನ್ನು. ಯಾರ ಪಾಲಿನದು ಎಂದು ಕೇಳಬೇಡ. ಮಾತ್ರೆ ನುಂಗು, ನಿನ್ನೆಯದು ದಿಂಬಿನ ಕೆಳಗೆ ಸಿಕ್ಕಿತು.

ಆಸ್ಪತ್ರೆಯಲ್ಲಿ ಅಜ್ಜಿ ನನ್ನ ಕೈ ಹಿಡಿದು ಹೇಳಿದ್ದಳು: "ನಾನು ಹೋದ್ಮೇಲೆ ನನ್ನ ತಿಪ್ಪೆ ಗೊಬ್ಬರಾನೆಲ್ಲ ನಿಮ್ಮ ತಾತನ ಪಾಲಿಗೆ ಹಾಕ್ಬಿಡು. ನಾನಿದ್ದಾಗ ಹಾಕಿದ್ರೆ ಆ ಮೊಂಡ ಮನುಷ್ಯ ಊಟ ಬಿಟ್ಟು ಕೂರ್ತಿದ್ದ." ಹೂಂ ಅಂದಿದ್ದೆ. ಆದರೆ ಅವಳ ಕೈಯಾರೆ ಮಾಡಿದ್ದು ಅಂತ ಉಳಿದಿದ್ದು ಆ ತಿಪ್ಪೆಯೊಂದೇ. ಬುಟ್ಟಿ ಹಿಡಿದು ಹೋದಾಗಲೆಲ್ಲ ಖಾಲಿ ಬುಟ್ಟಿಯಲ್ಲೇ ವಾಪಸು ಬರುತ್ತಿದ್ದೆ. ನೀನೂ ಸಂಜೆ ಅದರ ಪಕ್ಕ ಕೂತು ಬರುತ್ತೀಯೆಂದು ಗೊತ್ತು.

ಇವತ್ತು ಬೆಳಿಗ್ಗೆ ನೀನಿನ್ನೂ ಮಲಗಿದ್ದಾಗ ಆ ಗೊಬ್ಬರವನ್ನೆಲ್ಲ ಹೊತ್ತು ನಿನ್ನ ಪಾಲಿಗೆ ಹರಡಿದೆ. ಬೈಯುವುದಿದ್ದರೆ ನಾನು ಕೆಲಸದಿಂದ ಬಂದ ಮೇಲೆ ಬೈ. ಸಂಜೆ ತಿಪ್ಪೆಯ ಜಾಗದಲ್ಲಿ ಬರಿ ನೆಲ ಕಂಡು ಗಾಬರಿಯಾಗಬೇಡ. ನಿನ್ನ ಪಾಲಿನ ಬದುವಿನ ಮೇಲೆ ಹೋಗಿ ಕೂತುಕೋ.

ಹಗ್ಗ ಬಿಚ್ಚಿದ್ದೇನೆ. ಅವಳ ಬುಟ್ಟಿ ತೊಳೆದು ಹಿತ್ತಲಲ್ಲಿ ಕವುಚಿ ಹಾಕಿದ್ದೇನೆ.